ಮುಚ್ಚಳದ ಒಳಮೈ

ರೇಷನ್ ಕಾರ್ಡು, ಆಧಾರ್, ಮತದಾರರ ಪಟ್ಟಿ, ಮಗಳು ರಂಜಿನಿಯ ಮಾರ್ಕ್ಸ್ ಕಾರ್ಡು. ಇವನ್ನು ಬಿಟ್ಟರೆ ಹೆಮ್ಮಿಗೆಯ ಚನ್ನಯ್ಯನ ಹೆಸರು ಎಲ್ಲೂ ಅಚ್ಚಾದದ್ದಿಲ್ಲ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಲೋಹಕ್ಕೆ ಹೊಳಪು ಕೊಟ್ಟ. ಕಂಪನಿಯ ಹಾಜರಿ ಪುಸ್ತಕದಲ್ಲಿ ಅವನಿರಲಿಲ್ಲ. ಕಂಟ್ರಾಕ್ಟರನ ಪಟ್ಟಿಯಲ್ಲಿ ನಾನೂರ ಹದಿನೇಳು ಅಂತ ಒಂದು ನಂಬರಾಗಿ ಇದ್ದ. ಗೇಟಿನ ವಾಚ್‌ಮನ್ ಕೂಡ "ಏಯ್ ಹದಿನೇಳು, ಬ್ಯಾಗ್ ತೋರ್ಸು" ಎಂದೇ ಕೂಗುತ್ತಿದ್ದ.

ಒಂದು ಸಲ ಮಾಲು ಕೊಳ್ಳುವ ಹೊರದೇಶದವರು ಬಂದರು. ಚನ್ನಯ್ಯ ಆಗಷ್ಟೇ ಉಜ್ಜಿ ಇಟ್ಟಿದ್ದ ಒಂದು ಪೈಪನ್ನು ಕೈಗೆತ್ತಿಕೊಂಡು, ಅದರಲ್ಲಿ ತಮ್ಮ ಮುಖ ನೋಡಿಕೊಂಡು, ಇದನ್ನು ಯಾರು ಮಾಡಿದ್ದು ಅಂತ ಕೇಳಿದರು. ಸೂಪರ್‌ವೈಸರ್ "ನಮ್ಮ ಟೀಮ್ ಸಾರ್" ಅಂದ. ಮೂರು ಹೆಜ್ಜೆ ಆಚೆ ಮೂತಿಗೆ ಬಟ್ಟೆ ಕಟ್ಟಿಕೊಂಡು ಚನ್ನಯ್ಯ ನಿಂತಿದ್ದ. ಆ ಮಾತು ಅವನಿಗೆ ಇವತ್ತಿಗೂ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಇದೆ.

ಕಾರ್ಖಾನೆ ಅವನಿಂದ ಇನ್ನೊಂದನ್ನೂ ಕಿತ್ತುಕೊಂಡಿತ್ತು. ಕ್ರೋಮಿಯಂ ತೊಟ್ಟಿಯ ಹಬೆ ಕುಡಿದೂ ಕುಡಿದೂ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು ಬಿತ್ತು. ಬೆಂಕಿಕಡ್ಡಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಬಹುದಾದಷ್ಟು ದೊಡ್ಡ ತೂತು. ತೋರಿಸಿದರೆ ಡಾಕ್ಟರು "ಮೂಗು ಕೆದಕ್ಕೋಬೇಡ" ಅಂದು ಮುಲಾಮು ಬರೆದುಕೊಟ್ಟ. ಅಲ್ಲಿಂದಾಚೆಗೆ ಚನ್ನಯ್ಯನಿಗೆ ವಾಸನೆ ಸತ್ತಿತು. ಹುರುಳಿ ಸಾರೂ ಒಂದೇ, ಹಳಸಿದ ಮುದ್ದೆಯೂ ಒಂದೇ. ಲಾಕ್‌ಡೌನ್ ಮುಗಿದು ವಾಪಸ್ಸು ಹೋದರೆ ಆ ಸೆಕ್ಷನ್ನೇ ಇರಲಿಲ್ಲ. ನಂಬರುಗಳನ್ನೆಲ್ಲ ಗೇಟಿನಲ್ಲೇ ನಿಲ್ಲಿಸಿ ಹಿಂದಕ್ಕೆ ಕಳಿಸಿದರು.

ಸುಮ್ಮನೆ ಕೂರುವ ಆಸಾಮಿಯಲ್ಲ. ಹಿತ್ತಿಲಲ್ಲಿ ನಾಲ್ಕು ತಗಡು ಹೊದಿಸಿ, ಕೆಟ್ಟುಹೋದ ವೆಟ್ ಗ್ರೈಂಡರಿನ ಮೋಟಾರು ಕಟ್ಟಿ, ಅದಕ್ಕೆ ಹೆಂಡತಿ ಮಂಚಮ್ಮನ ಹಳೇ ಹತ್ತಿ ಸೀರೆಗಳನ್ನು ವೃತ್ತಕ್ಕೆ ಕತ್ತರಿಸಿ ಪದರ ಪದರವಾಗಿ ಹೊಲಿದ ಚಕ್ರ ಹಾಕಿದ. ಗ್ಯಾರೇಜುಗಳಿಂದ ಹಳೇ ಕಾರುಗಳ ಎಂಜಿನ್ನಿನ ಬಿಡಿಭಾಗಗಳು ಬರತೊಡಗಿದವು. ಡೀಸೆಲ್ಲಿನಲ್ಲಿ ನೆನೆಹಾಕಿ ಮೂವತ್ತು ವರ್ಷದ ಜಿಡ್ಡು ಬಿಡಿಸುವುದು, ಹಲ್ಲುಜ್ಜುವ ಬ್ರಶ್ಶಿನಲ್ಲಿ ಸಂದಿಗೊಂದಿ ತಿಕ್ಕುವುದು. ಕಾರ್ಖಾನೆಯ ಆ್ಯಸಿಡ್ಡಿನ ಸಹವಾಸ ಮತ್ತೆ ಬೇಡವೆಂದು ಅಲ್ಯೂಮಿನಿಯಂ ಸಾಮಾನನ್ನು ಅಂಟುವಾಳದಕಾಯಿ, ಹುಣಸೆಹಣ್ಣು ಹಾಕಿದ ನೀರಿನಲ್ಲಿ ಸ್ಟೀಲ್ ದಬರಿಯೊಳಗೆ ಕುದಿಸುತ್ತಿದ್ದ. ಬೋಲ್ಟು, ನಟ್ಟುಗಳಿಗೆ ನರಸೀಪುರದ ಮಿಲ್ಲಿನಿಂದ ತಂದ ಭತ್ತದ ಹೊಟ್ಟು. ಹೊಟ್ಟಿನ ಜೊತೆ ಅವನ್ನು ವಾಷಿಂಗ್ ಮಷೀನಿನ ಹಳೇ ಡ್ರಮ್ಮಿಗೆ ತುಂಬಿ ಅರ್ಧ ದಿನ ತಿರುಗಿಸಿದರೆ ಹೊಸ ನಾಣ್ಯದ ಹಾಗೆ ಬೀಳುತ್ತಿದ್ದವು. ದೊಡ್ಡವಕ್ಕೆ ಒರಟಿನಿಂದ ನಯಕ್ಕೆ ಐದು ತರದ ಎಮರಿ ಉಜ್ಜುಕಾಗದ, ಆಮೇಲೆ ಸೀರೆಯ ಚಕ್ರ, ಕೊನೆಗೆ ಅಕ್ಕಿಹಿಟ್ಟು ಚಿಮುಕಿಸಿ ಒರೆಸುವುದು. ಎಲ್ಲ ಮುಗಿದ ಮೇಲೆ ಯಾರಿಗೂ ಕಾಣದ ಒಳಮೈಯಲ್ಲಿ ಉಳಿಯಿಂದ ಒಂದು ಚುಕ್ಕಿ ಹೊಡೆಯುತ್ತಿದ್ದ.

"ಚುಕ್ಕಿ ಯಾಕಯ್ಯ ಒಡೀತೀಯ, ದೃಷ್ಟಿಗೇನು?" ಎಂದು ಮಂಚಮ್ಮ ಕೇಳುತ್ತಿದ್ದಳು.

"ಅದು ನಾನು ಕಣಮ್ಮಿ."

"ಓ, ಚೆಂದಾಗದೆ. ನಾನೂರ ಅದಿನೇಳು ಇದ್ದೋನು ಈಗ ಚುಕ್ಕಿ ಆದೆ."

ಕೆಲಸ ಹೆಚ್ಚಾಗಿ ಕಳಿಸುತ್ತಿದ್ದವನು ನಟರಾಜ. ಮಂಚಮ್ಮನ ಚಿಕ್ಕಪ್ಪನ ಮಗ. ನಂಜನಗೂಡಿನ ಊಟಿ ರಸ್ತೆಯಲ್ಲಿ ಅವನದೊಂದು ಗ್ಯಾರೇಜು. ನಟರಾಜ ಅನ್ನುವ ಹೆಸರು ಯಾವ ಬೀದಿಗೂ ಸಲ್ಲುತ್ತದೆ, ಅವನು ಅದನ್ನು ಚೆನ್ನಾಗಿಯೇ ಬಳಸಿಕೊಂಡಿದ್ದ. ಯಾವೂರು ಅಂದರೆ ಮೈಸೂರು ಕಡೆ ಅನ್ನುತ್ತಿದ್ದ. ಮನೆ ಎಲ್ಲಿ ಅಂದರೆ ಬಸ್ ಸ್ಟ್ಯಾಂಡ್ ಹತ್ತಿರ. ಪಾಲಿಶ್ ಯಾರು ಮಾಡುತ್ತಾರೆ ಅಂದರೆ ಅದೊಂದು ಪಾರ್ಟಿ ಇದೆ ಸಾರ್.

ಹಾಗೆ ಇರುವಾಗ ಕಾಂಟೆಸ್ಸಾ ಬಂತು.

ನಂಜನಗೂಡಿನ ಬಾಳೆ ಮಂಡಿಯ ಶಂಭುಲಿಂಗಪ್ಪನವರು ಎಂಬತ್ತೊಂಬತ್ತರಲ್ಲಿ ಕೊಂಡ ಕಾರು. ಅವರು ತೀರಿಕೊಂಡ ಮೇಲೆ ಪಾರಿವಾಳದ ಹಿಕ್ಕೆ ಹಾಕಿಸಿಕೊಂಡು ಶೆಡ್ಡಿನಲ್ಲಿ ಬಿದ್ದಿತ್ತು. ಮೊಮ್ಮಗ ಬಸವಪ್ರಸಾದನಿಗೆ ಹಳೇ ಕಾರಿನ ಹುಚ್ಚು ಹತ್ತಿತು. ಹಳೇ ಕಾರುಗಳ ಕ್ಲಬ್ಬಿನವರು ಊಟಿಗೆ ಹೋಗುವ ದಾರಿಯಲ್ಲಿ ನಂಜನಗೂಡಿನಲ್ಲಿ ಒಂದು ದಿನ ನಿಂತು ಜನಕ್ಕೆ ಕಾರು ತೋರಿಸುತ್ತಾರೆ, ಅಷ್ಟರಲ್ಲಿ ತನ್ನದೂ ಸಿದ್ಧವಾಗಬೇಕು ಅಂತ ಹಟ. ನಟರಾಜ ಎಂಜಿನ್ ಬಿಚ್ಚಿ ಭಾಗಗಳನ್ನು ಎರಡು ಗೋಣಿಚೀಲದಲ್ಲಿ ತಂದ.

ಚನ್ನಯ್ಯನಿಗೆ ಆ ಕಾರು ಗೊತ್ತಿತ್ತು. ತೊಂಬತ್ತರಲ್ಲಿ ಅವನಿಗೆ ಇಪ್ಪತ್ತಮೂರು. ನರಸೀಪುರದ ಹೋಟೆಲೊಂದರಲ್ಲಿ ಕೇರಿಯವರಿಗೆ ಬೇರೆ ಲೋಟ ಇಟ್ಟಿದ್ದರೆಂದು ದಲಿತ ಸಂಘದ ಹುಡುಗರೆಲ್ಲ ನೀಲಿ ಟವೆಲ್ ಹಾಕಿಕೊಂಡು ರಸ್ತೆಗೆ ಅಡ್ಡ ಕೂತಿದ್ದರು. ಆಗ ಬಂದು ಸಿಕ್ಕಿಕೊಂಡದ್ದು ಈ ಕಾಂಟೆಸ್ಸಾ. ಒಂದೂವರೆ ಗಂಟೆ ನಿಂತರೂ ಒಳಗಿದ್ದ ಶಂಭುಲಿಂಗಪ್ಪ ಗಾಜು ಇಳಿಸಲಿಲ್ಲ, ಎಂಜಿನ್ ಆರಿಸಲಿಲ್ಲ. ಚನ್ನಯ್ಯ ರೋಷಕ್ಕೆ ಬಾನೆಟ್ಟಿನ ಮೇಲೆ ಅಂಗೈ ಊರಿ ಘೋಷಣೆ ಕೂಗಿದ. ಎಂಜಿನ್ನಿನ ಕಾವಿಗೆ ಅಂಗೈ ಬೊಬ್ಬೆ ಎದ್ದಿತ್ತು. ಈಗ ಅದೇ ಎಂಜಿನ್ನಿನ ಟ್ಯಾಪೆಟ್ ಕವರು, ಅಂದರೆ ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಮೊಳದುದ್ದದ ಅಲ್ಯೂಮಿನಿಯಂ ಮುಚ್ಚಳ, ಅವನ ತೊಡೆಯ ಮೇಲೆ ಮಲಗಿತ್ತು.

ಬಸವಪ್ರಸಾದ ಬೇರೆ ತರದವನು. ಕೆಲಸ ಮಾಡುವವರನ್ನು ನಾನೇ ನೋಡಬೇಕು ಅಂತ ನಟರಾಜನ ದುಂಬಾಲು ಬಿದ್ದು, ಒಂದು ಭಾನುವಾರ ಹೆಮ್ಮಿಗೆಗೇ ಬಂದುಬಿಟ್ಟ. ಜೀನ್ಸು, ಕೊರಳಲ್ಲಿ ಲಿಂಗದ ಕರಡಿಗೆ, ಬಾಯಿ ತುಂಬ ನಗು. ಕೇರಿಯ ಮಧ್ಯೆ ಬೈಕ್ ನಿಲ್ಲಿಸಿ ನೇರ ನಡುಮನೆಗೆ ಬಂದು ಕೂತ.

"ಚನ್ನಯ್ಯಣ್ಣ, ನಾನು ಜಾತಿಗೀತಿ ಎಲ್ಲ ನೋಡೋನಲ್ಲ."

ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಮಂಚಮ್ಮ ಟೀ ತಂದಳು, ಕುಡಿದ. ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡ. ಆಗಲೇ ಅರ್ಧ ಹೊಳಪಿಗೆ ಬಂದಿದ್ದ ಮುಚ್ಚಳವನ್ನು ನೋಡಿ ಅವನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಅಣ್ಣ, ಇದು ನಿಮ್ಮ ಕೈಯಾ? ಶೋ ದಿನ ಕಾರಿನ ಪಕ್ಕ ಬೋರ್ಡ್ ಇಡ್ತೀವಿ. ಅದ್ರಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ. ಎಂಜಿನ್ ಪಾಲಿಶ್, ಚನ್ನಯ್ಯ, ಹೆಮ್ಮಿಗೆ. ಇದು ನನ್ನ ಮಾತು."

ಚನ್ನಯ್ಯನ ಹೆಗಲ ಮೇಲೆ ಕೈ ಹಾಕಿ, ಮುಚ್ಚಳ ಹಿಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಹಿಂದಿನ ಗೋಡೆಯಲ್ಲಿ ಬಾಬಾಸಾಹೇಬರು, ಪಕ್ಕದಲ್ಲಿ ಬುದ್ಧ.

ಹೆಸರು ಹಾಕುತ್ತೇನೆ ಅನ್ನುವ ಆ ಒಂದು ಮಾತು ಐವತ್ತೆಂಟರ ಚನ್ನಯ್ಯನನ್ನು ಹುಡುಗನ ಹಾಗೆ ಕುಣಿಸಿತು. ನಾಲ್ಕು ದಿನದ ಕೆಲಸಕ್ಕೆ ಹನ್ನೊಂದು ದಿನ ಹಾಕಿದ. ಒಬ್ಬನೇ ಇರುವಾಗ ಬೋರ್ಡಿನ ಮೇಲೆ ತನ್ನ ಹೆಸರು ಎಷ್ಟು ದೊಡ್ಡದಿರಬಹುದು ಅಂತ ಗಾಳಿಯಲ್ಲಿ ಬೆರಳಾಡಿಸುತ್ತಿದ್ದ. ಮಂಚಮ್ಮ ಒಲೆ ಮುಂದಿನಿಂದಲೇ ನೋಡಿ, "ಸಂಘದ ಕಾಲ್ದಲ್ಲಿ ಗೋಡೆ ತುಂಬ ಧಿಕ್ಕಾರ ಬರೀತಿದ್ದೋನು, ಈಗ ಸಾವ್ಕಾರರ ಬೋರ್ಡಿಗೆ ಬಾಯಿ ಬುಡ್ತಾವ್ನೆ" ಎಂದು ಚುಚ್ಚಿದಳು. ಅವನಿಗೆ ನಾಚಿಕೆಯಾಯಿತು. ಆದರೂ ಬೆರಳು ನಿಲ್ಲಲಿಲ್ಲ.

ಮುಚ್ಚಳ, ಅದರ ಜೊತೆಯ ಎಂಟು ಭಾಗ, ಬೋಲ್ಟುಗಳೆಲ್ಲ ಕನ್ನಡಿಯಾಗಿ ನಂಜನಗೂಡಿಗೆ ಹೋದವು. ಎಂಜಿನ್ನಿಗೆ ಕೂರಿಸುವ ಮುಂಚೆ ಮನೆಯಲ್ಲಿ ಒಂದು ಪೂಜೆ ಮಾಡಿಸುತ್ತೇನೆಂದು ಬಸವಪ್ರಸಾದ ಅವನ್ನು ಗ್ಯಾರೇಜಿನಿಂದ ಒಯ್ದನಂತೆ.

ಎಂಟನೇ ದಿನ ನಟರಾಜ ಅದೇ ಗೋಣಿಚೀಲ ಹೊತ್ತು ಮತ್ತೆ ಬಂದ. ಮುಖ ಸೊಟ್ಟಗಿತ್ತು. ಚೀಲವನ್ನು ಹಿತ್ತಿಲ ಕಲ್ಲಿನ ಮೇಲೆ ಸುರಿದ.

"ಏನ್ ಭಾವ ಇದು? ಎಂಟೇ ದಿನಕ್ಕೆ ಇಂಗಾಗದೆ. ಬಸವಪ್ರಸಾದಣ್ಣ ಬೇಜಾರ್ ಮಾಡ್ಕಂಡವ್ರೆ. ಇನ್ನಾರು ದಿನಕ್ಕೆ ಶೋ. ಯಾವ್ ಸೋಪಾಕಿದ್ದೆ?"

ಕನ್ನಡಿಯಂಥ ಮುಚ್ಚಳ ಸುಟ್ಟ ಬದನೆಕಾಯಿಯಾಗಿತ್ತು. ಚನ್ನಯ್ಯ ಅದನ್ನು ಬಿಸಿಲಿಗೆ ಹಿಡಿದು ಓರೆ ಮಾಡಿ ಮಾಡಿ ನೋಡಿದ. ಇಪ್ಪತ್ತೆರಡು ವರ್ಷ ಲೋಹದ ಚರ್ಮರೋಗವನ್ನೇ ನೋಡಿದ ಕಣ್ಣು ಅದು. ಮೇಲುಗಡೆ ಮೂರು ಅಡ್ಡ ಗೆರೆ, ಮೂರು ಬೆರಳಿನ ಅಗಲ, ಬೂದುಬಣ್ಣಕ್ಕೆ ಸುಟ್ಟಿದ್ದವು. ಸುತ್ತೆಲ್ಲ ಕಪ್ಪು. ಕಪ್ಪಿನೊಳಗೆ ಗಂಧೆ ಎದ್ದ ಹಾಗೆ ಕೆಂಪನೆಯ ಚುಕ್ಕಿಗಳು. ಒಂದು ತುದಿಯಿಂದ ಮುಕ್ಕಾಲು ಪಾಲಿನವರೆಗೆ ಕಪ್ಪು ಗಾಢವಾಗಿ, ಕೆರೆಯ ನೀರು ನಿಂತ ಗುರುತಿನಂತೆ ಒಂದು ಗೆರೆ ಎಳೆದಿತ್ತು.

"ಇದು ನನ್ ಸೋಪಲ್ಲ ಕಣ್ಲಾ. ಇದ್ನ ತಾಮ್ರದ ಅಂಡೇಲಿ ನೆನೆಯಾಕವ್ರೆ. ಅಂಡೆ ಸಾಲ್ದೆ ಮೂತಿ ಮೇಲ್ಗಡೆ ಉಳ್ಕಂಡದೆ. ಕೆಂಪು ಚುಕ್ಕಿ ನೋಡು, ತಾಮ್ರ ಬಿಟ್ಟು ಬಂದು ಇಲ್ಲಿ ಕೂತದೆ."

"ಪೂಜೆ ಮಾಡಿರ್ತಾರೆ ಭಾವ. ಈಬೂತಿ ಅಚ್ಚಿರ್ತಾರೆ. ಒಸಾ ಗಾಡಿಗೆ ಎಲ್ರೂ ಅಚ್ಚಲ್ವಾ?"

ಚನ್ನಯ್ಯ ಮುಚ್ಚಳವನ್ನು ಮಗುಚಿದ. ಒಳಮೈ ಹೊರಮೈಗಿಂತ ಕಪ್ಪಾಗಿತ್ತು. ಅವನು ಹೊಡೆದ ಚುಕ್ಕಿಯ ಸುತ್ತ ವಿಭೂತಿ ಗಟ್ಟಿಯಾಗಿ ಕೂತಿತ್ತು. ಬೋಲ್ಟುಗಳೂ ಹಾಗೇ, ಒಂದೊಂದೂ.

"ಪೂಜೆ ಮಾಡೋರು ಮೊಕಕ್ಕೆ ಅಚ್ತಾರೆ. ಕುಂಡಿಗೂ ಅಚ್ತಾರೇನ್ಲಾ? ಬೋಲ್ಟಿಗೆ ಯಾವನ್ಲಾ ಪೂಜೆ ಮಾಡಾನು? ನೀರಿಗೆ ಅಲ್ಯೂಮಿನಿಯಂ ಇಂಗೆ ಸಾಯದಿಲ್ಲ. ನೀರಲ್ಲ ಇದು." ತನ್ನ ಸತ್ತ ಮೂಗನ್ನು ಒಮ್ಮೆ ಮುಟ್ಟಿಕೊಂಡು ಒಳಗೆ ಕೂಗಿದ. "ಅಮ್ಮಿ, ಬಾ ಇಲ್ಲಿ. ಇದ್ನ ಮೂಸಿ ಯೇಳು."

ಮಂಚಮ್ಮ ಕೈ ಒರೆಸಿಕೊಂಡು ಬಂದಳು. ಬೋಲ್ಟು ಕೂರುವ ತೂತಿಗೆ ಮೂಗು ಹಿಡಿದಳು. ಎರಡನೇ ಸಲ ಹಿಡಿಯಲಿಲ್ಲ.

"ಗಂಜಲ. ಅಸೀನ ಗಂಜಲ ಕಣಯ್ಯ. ನಿನ್ನ ಕೈ ಮುಟ್ಟಿದ್ದ ತೊಳ್ದವ್ರೆ."

ಮೋಟಾರಿನ ಮೇಲೆ ಕೋಳಿಯೊಂದು ಹತ್ತಿ ಇಳಿಯಿತು.

"ನಿಂಗೆ ಗೊತ್ತಿತ್ತೇನ್ಲಾ ನಟರಾಜ?"

ನಟರಾಜ ಚೀಲ ಮಡಿಚುತ್ತ ತಲೆ ಎತ್ತಲಿಲ್ಲ. "ಗೊತ್ತಾಯ್ತು ಭಾವ. ಏನ್ ಮಾಡ್ಲಿ? ನಿನ್ನ ಕೈಯಿ ಅವ್ರಿಗೆ ಗೊತ್ತಾಯ್ತು, ತೊಳುದ್ರು. ನನ್ ಕೈಯಿ ಇನ್ನೂ ಗೊತ್ತಿಲ್ಲ. ದಿನಾ ಹತ್ತು ಗಾಡಿ ಮುಟ್ತೀನಿ. ಎಲ್ಲಾನೂ ಅಂಡೆಗಾಕಿದ್ರೆ ನನ್ ಗ್ಯಾರೇಜ್ ಗತಿ? ನಿನ್ ಕಾಲಿಗ್ ಬೀಳ್ತೀನಿ, ಇನ್ನೊಂದ್ ಕಿತ ಉಜ್ಜಿ ಕೊಟ್ಬುಡು. ಕೇಳಾಕೋಗ್ಬೇಡ."

"ಕೇಳ್ದೆ?" ಅಂದಳು ಮಂಚಮ್ಮ. "ಕೇಳ್ದೆ ಇದ್ರೆ ಇವ್ನು ಗಂಡ್ಸಾ?"

ಮಾರನೇ ಬೆಳಿಗ್ಗೆ ಚನ್ನಯ್ಯ ನಂಜನಗೂಡಿನ ಬಸ್ಸು ಹತ್ತಿದ. ಮುಚ್ಚಳವನ್ನು ಹಳೇ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಮನಸ್ಸಿನಲ್ಲಿ ಇದು ಬಸವಪ್ರಸಾದನ ಮನೆಯ ಯಾರೋ ಮುದುಕಿಯ ಕೆಲಸ ಅಂತಲೇ ಇತ್ತು. ಆ ಹುಡುಗನಿಗೆ ಗೊತ್ತಿರಲಾರದು. ಟೀ ಕುಡಿದವನಲ್ಲವೇ, ಇನ್ನರ್ಧ ಲೋಟ ಕೇಳಿದವನಲ್ಲವೇ? ಬಸ್ಸಿನಲ್ಲಿ ಕೂತು ಅವನ ಪರವಾಗಿ ತಾನೇ ವಕಾಲತ್ತು ಮಾಡಿಕೊಳ್ಳುತ್ತ ಹೋದ.

ಬಸವಪ್ರಸಾದನ ಮನೆಯ ಶೆಡ್ಡಿನಲ್ಲಿ ಕಾಂಟೆಸ್ಸಾ ಬಿಳಿ ಬಣ್ಣ ಬಳಿಸಿಕೊಂಡು ನಿಂತಿತ್ತು. ಹಿಂದಿನ ಗಾಜಿನ ಮೇಲೆ ಕಾಯಕದ ದೊಡ್ಡತನ ಸಾರುವ ಹೊಸಾ ಸ್ಟಿಕ್ಕರು. ಪಕ್ಕದ ನಲ್ಲಿಯ ಹತ್ತಿರ ಒಂದು ತಾಮ್ರದ ಹಂಡೆ ಇತ್ತು. ಹೊರಗೆಲ್ಲ ಮಸಿ, ಒಳಗೆ ಒಂದು ಗೆರೆಯವರೆಗೆ ಮಾತ್ರ ಯಾರೋ ಹೊಸದಾಗಿ ಉಜ್ಜಿದಂತೆ ಕೆಂಪಗೆ ಮಿರುಗುತ್ತಿತ್ತು. ಚನ್ನಯ್ಯ ಮುಚ್ಚಳದ ಮೇಲಿನ ಗೆರೆಯನ್ನೂ ಹಂಡೆಯೊಳಗಿನ ಗೆರೆಯನ್ನೂ ನೋಡಿದ. ಮೊಳ ಹಾಕಿ ಅಳೆದ. ಸರಿಯಾಗಿ ಕೂತಿತು.

ಶಂಭುಲಿಂಗಪ್ಪನವರ ಹೆಂಡತಿ ಚನ್ನಾಜಮ್ಮ ಗೋಡೆ ಹಿಡಿದುಕೊಂಡು ಜಗಲಿಗೆ ಬಂದರು. ಎಂಬತ್ತು ದಾಟಿದ ಜೀವ, ಹಣೆಯಲ್ಲಿ ವಿಭೂತಿ, ಕಣ್ಣು ಚುರುಕು.

"ಯಾರಪ್ಪಾ? ಹಂಡೆ ಯಾಕೆ ಅಳೀತೀಯ?"

"ನಾನು ಹೆಮ್ಮಿಗೆ ಚನ್ನಯ್ಯ ಕಣವ್ವಾ. ನಿಮ್ಮ ಕಾರಿನ ಸಾಮಾನು ಪಾಲಿಸ್ ಮಾಡ್ದೋನು. ಇದ್ನ ಗಂಜಲದಲ್ಲಿ ತೊಳೆದ್ರಲ್ಲ, ಯಾಕೆ ಅಂತ ಕೇಳಕ್ ಬಂದೆ."

ಮುದುಕಿ ಬೆಚ್ಚಲಿಲ್ಲ. ಕಂಬಕ್ಕೆ ಒರಗಿ ಕೂತರು.

"ನಾನು ತೊಳೀಲಿಲ್ಲ ಕಣಪ್ಪ. ತೊಳೆದಿದ್ರೆ ತೊಳೆದೆ ಅಂತಿದ್ದೆ, ನಂಗ್ಯಾರ ಹೆದರಿಕೆ? ನಮ್ಮ ಕಾಲದಲ್ಲಿ ನಿಮ್ಮನ್ನ ಒಳಗೆ ಬಿಟ್ಕೊಳ್ತಿರ್ಲಿಲ್ಲ, ಅದನ್ನ ಬಾಯಲ್ಲೇ ಹೇಳ್ತಿದ್ವು. ಇವನು ನೋಡು, ನಿಮ್ಮನೇಲಿ ಟೀ ಕುಡಿದು ಬಂದು ಇಲ್ಲಿ ಹಂಡೆ ಹುಡುಕಿದ."

"ಯಾರು, ಬಸವಪ್ರಸಾದಪ್ಪಾರಾ?"

"ಇನ್ಯಾರು? ಅದೇನೋ ಫೋಟೋ ಹಾಕಿದ್ನಂತೆ ಮೊಬೈಲಲ್ಲಿ. ನೆಂಟರು ನೋಡಿ ಗೋಡೇಲಿರೋದು ಯಾರು, ಯಾವ ಕೇರಿ ಅಂತ ಕೇಳಿದ್ರಂತೆ. ಇದೇ ಕಾರಲ್ಲಿ ಸ್ವಾಮಿಗಳನ್ನ ಪಾದಪೂಜೆಗೆ ಕರ್ಕೊಂಡು ಬರಬೇಕಲ್ಲ, ಅಂದ್ರಂತೆ. ಸ್ವಾಮಿಗಳೇನೂ ಕೇಳಿರ್ಲಿಲ್ಲಪ್ಪ. ಇವನಿಗೇ ಪುಕಪುಕ. ಫೋಟೋ ಅಳಿಸಿದ. ಸಾಮಾನನ್ನ ಎರಡು ದಿನ ಹಂಡೇಲಿ ಹಾಕಿಟ್ಟ. ನನ್ನ ಸ್ನಾನದ ಹಂಡೆ. ಈಗ ನಂಗೆ ಬೇರೆ ಹಂಡೆ ಇಲ್ಲ."

ಅಷ್ಟರಲ್ಲಿ ಮಂಡಿಯಿಂದ ಬಸವಪ್ರಸಾದ ಬಂದ. ಚನ್ನಯ್ಯನನ್ನೂ ಟವೆಲನ್ನೂ ಅಜ್ಜಿಯನ್ನೂ ನೋಡಿದ. ನಗು ಬಾಯಿಗೆ ಬಂದು ಅಲ್ಲೇ ನಿಂತಿತು. ಚನ್ನಯ್ಯನ ತೋಳು ಹಿಡಿದು ಕಾರಿನ ಮರೆಗೆ ಕರೆದುಕೊಂಡು ಹೋದ.

"ಅಣ್ಣ, ನಾನು ಅಂಥವನಲ್ಲ, ನಿಮಗೆ ಗೊತ್ತಲ್ಲ. ಮನೆಯವರ ಸಮಾಧಾನಕ್ಕೆ ಅಷ್ಟೇ. ಇಷ್ಟು ಹಾಳಾಗುತ್ತೆ ಅಂತ ಗೊತ್ತಿದ್ರೆ ಮಾಡ್ತಿರ್ಲಿಲ್ಲ."

"ಹಾಳಾಗ್ದೆ ಇದ್ದಿದ್ರೆ ಮಾಡಬೋದಾಗಿತ್ತಾ?"

ಬಸವಪ್ರಸಾದ ಕಾರಿನ ಗಾಜನ್ನು ಬೆರಳಲ್ಲಿ ಒರೆಸಿದ. "ಇನ್ನೊಂದು ಸಲ ಮಾಡಿಕೊಡಿ ಅಣ್ಣ. ಬೋರ್ಡಲ್ಲಿ ನಿಮ್ಮ ಹೆಸರು ಇದ್ದೇ ಇರುತ್ತೆ. ಆ ಮಾತು ತಪ್ಪಲ್ಲ."

ಬೋರ್ಡು ಅಂದ ಕೂಡಲೇ ಚನ್ನಯ್ಯನ ಎದೆಯೊಳಗೆ ಏನೋ ಬಾಲ ಅಲ್ಲಾಡಿಸಿತು. ಅವನಿಗೆ ತನ್ನ ಮೇಲೇ ಉಗಿಯುವಂತಾಯಿತು.

"ಮಾಡ್ತೀನಿ ಸಾ. ಒಂದ್ ಮಾತು. ನೀವು ನಮ್ಮನೆಗ್ ಬರ್ಬೇಕು. ಅವತ್ತು ಕೂತಿದ್ರಲ್ಲ, ಅಲ್ಲೇ ಕೂತು, ನಮ್ಮ ಮಂಚಮ್ಮನ ಮುಂದೆ, ನನ್ ಮಗಳ ಮುಂದೆ, ಇದ್ನ ಯಾತರಲ್ಲಿ ತೊಳುದ್ರಿ ಅಂತ ಬಾಯಿ ಬಿಟ್ಟು ಯೇಳ್ಬೇಕು. ತಪ್ಪಾಯ್ತು ಗಿಪ್ಪಾಯ್ತು ಏನೂ ಬ್ಯಾಡ. ತೊಳುದ್ದನ್ನ ಯೇಳಿದ್ರೆ ಸಾಕು."

"ಖಂಡಿತ ಅಣ್ಣ. ನಾಳೆ ಬೆಳಿಗ್ಗೇನೇ ಬರ್ತೀನಿ."

ನಾಳೆ ಬೆಳಿಗ್ಗೆ ಬರಲಿಲ್ಲ. ಮಂಡಿಯಲ್ಲಿ ಲೋಡು ಇದೆ ಅಂತ ಫೋನು. ಅದರ ಮಾರನೇ ದಿನ ಫೋನೂ ಇಲ್ಲ. ಚನ್ನಯ್ಯ ಬೀದಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದ. ಮಂಚಮ್ಮ ಅವತ್ತಿನ ಆ ಟೀ ಲೋಟವನ್ನೇ ತೊಳೆದು ಬೋರಲು ಹಾಕಿದ್ದಳು. ಮೂರನೇ ದಿನ ಅದನ್ನು ತೆಗೆದು ಕೋಳಿಗೆ ನೀರಿಡಲು ಬಳಸಿದಳು.

ಅವತ್ತೇ ಮಧ್ಯಾಹ್ನ ಹಿತ್ತಿಲಲ್ಲಿ ಮೋಟಾರು ಗುಂಯ್ಯೆಂದಿತು. ಮಂಚಮ್ಮ ಒಲೆ ಬಿಟ್ಟು ಎದ್ದು ಬಂದಳು. ಚನ್ನಯ್ಯ ಮುಚ್ಚಳವನ್ನು ಚಕ್ರಕ್ಕೆ ಒತ್ತಿ ಹಿಡಿದಿದ್ದ.

"ಬಂದಿದ್ನಾ ಅವ್ನು?"

"ಇಲ್ಲ."

"ಮತ್ಯಾಕ್ ಉಜ್ತಾ ಇದ್ದೀಯ?"

"ಟೇಮಿಲ್ಲ ಕಣಮ್ಮಿ. ಶೋ ಅತ್ರ ಬಂತು. ಸಾಮಾನು ಇಂಗಿರದ ನೋಡಕಾಗಲ್ಲ ನಂಗೆ."

"ಸಾಮಾನು ಸುದ್ದಿ ಯೇಳ್ಬೇಡ. ನಿಂಗೆ ಎಸ್ರು ಬೇಕು. ಉಚ್ಚೇಲ್ ಅದ್ದಿ ಕೊಟ್ರೂ ಬೇಕು." ಅವಳು ದನಿ ಏರಿಸಲಿಲ್ಲ. "ಉಜ್ಜು. ನನ್ ಸೀರೆ ಚಕ್ರದಲ್ಲೇ ಉಜ್ಜು."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಚನ್ನಯ್ಯ ಉಜ್ಜಿದ. ಕೆಂಪು ಗಂಧೆ ಬೀಳುವವರೆಗೆ ಒರಟು ಕಾಗದದಲ್ಲಿ ಅರ್ಧ ದಿನ, ಮೂರು ಬೆರಳಿನ ಗೆರೆ ಸಾಯುವವರೆಗೆ ಇನ್ನರ್ಧ ದಿನ. ಎಮರಿಯ ನೀರು ಕಪ್ಪಗೆ ಅವನ ಕಾಲ ಸಂದಿಯಲ್ಲಿ ಹರಿದು ಕರಿಬೇವಿನ ಬುಡ ಸೇರಿತು. ಹೊರಮೈ ಮೊದಲಿಗಿಂತ ಹೊಳೆಯಿತು. ಆಮೇಲೆ ಮುಚ್ಚಳವನ್ನು ಮಗುಚಿ, ಒಳಮೈ ನೋಡಿ, ಕೈ ತಡೆದ. ಅಂಟಿದ್ದ ವಿಭೂತಿಯ ಹೆಕ್ಕಳೆ ಎಂಜಿನ್ನಿಗೆ ಬೀಳಬಾರದೆಂದು ತೊಳೆದ. ಕಪ್ಪನ್ನು ಮುಟ್ಟಲಿಲ್ಲ.

ಲೋಹದ ಮೇಲೆ ಅಕ್ಷರ ಒತ್ತುವ ಉಳಿಗಳ ಪೆಟ್ಟಿಗೆ ಅವನಲ್ಲಿತ್ತು. ಪೇಟೆಯಲ್ಲಿ ಕನ್ನಡದ ಉಳಿ ಸಿಕ್ಕುವುದಿಲ್ಲ, ಇಂಗ್ಲಿಷಿನದೇ. ರಂಜಿನಿ ನರಸೀಪುರದ ಕಾಲೇಜಿನಿಂದ ಬಂದವಳು ಹೆಸರನ್ನು ಇಂಗ್ಲಿಷಿನಲ್ಲಿ ಕಾಗದದ ಮೇಲೆ ಬರೆದುಕೊಟ್ಟಳು. ಮುಚ್ಚಳವನ್ನು ಮರಳಿನ ಚೀಲದ ಮೇಲೆ ಬೋರಲು ಮಲಗಿಸಿ, ದಪ್ಪಗಿದ್ದ ಅಂಚಿನಲ್ಲಿ, ಆ ಕಪ್ಪಿನ ಮೇಲೇ, ಒಂದೊಂದೇ ಅಕ್ಷರಕ್ಕೆ ಒಂದೊಂದೇ ಏಟು ಹಾಕಿದ. ಕಪ್ಪು ಸೀಳಿ ಒಳಗಿನ ಬಿಳಿ ಅಲ್ಯೂಮಿನಿಯಂ ಅಕ್ಷರವಾಗಿ ಎದ್ದಿತು. ಚನ್ನಯ್ಯ. ಹೆಮ್ಮಿಗೆ.

"ಯಾರಿಗಪ್ಪ ಕಾಣ್ತದೆ ಇದು?" ಎಂದಳು ರಂಜಿನಿ.

"ಬಿಚ್ಚೋರಿಗೆ."

ಹೊಳಪಾದ ಸಾಮಾನನ್ನು ನಟರಾಜ ಒಯ್ದು ಎಂಜಿನ್ನಿಗೆ ಕೂರಿಸಿದ. ಪ್ರದರ್ಶನದ ದಿನ ಚನ್ನಯ್ಯ ಮಗಳನ್ನು ಕರೆದುಕೊಂಡು ಹೋದ. ಮಂಚಮ್ಮ ಬರಲಿಲ್ಲ. ಕಲ್ಯಾಣ ಮಂಟಪದ ಮೈದಾನದಲ್ಲಿ ನಲವತ್ತು ಹಳೇ ಕಾರುಗಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು. ಕಾಂಟೆಸ್ಸಾದ ಬಾನೆಟ್ ಎತ್ತಿ ಕೋಲು ಕೊಟ್ಟಿದ್ದರು. ಎಂಜಿನ್ನಿನ ನೆತ್ತಿಯಲ್ಲಿ ಮುಚ್ಚಳ ಕಣ್ಣು ಕುಕ್ಕುತ್ತಿತ್ತು. ಪಕ್ಕದಲ್ಲಿ ಆಳೆತ್ತರದ ಬೋರ್ಡು. ಚನ್ನಯ್ಯ ಓದುತ್ತ ಬಂದ. ಕಾರಿನ ವರ್ಷ. ಶಂಭುಲಿಂಗಪ್ಪನವರ ಫೋಟೋ. ಸೀಟಿನ ಕೆಲಸ ಮಾಡಿದ ಅಂಗಡಿ. ಬಣ್ಣ ಬಳಿದವರು. ಎಂಜಿನ್ ಕೆಲಸ: ನಟರಾಜ್ ಆಟೋ ವರ್ಕ್ಸ್, ನಂಜನಗೂಡು. ಅಲ್ಲಿಗೆ ಮುಗಿಯಿತು. ಕೆಳಗೆ ಖಾಲಿ ಜಾಗ ಕೂಡ ಇರಲಿಲ್ಲ. ಹೂವಿನ ಚಿತ್ರ ಹಾಕಿದ್ದರು.

ರಂಜಿನಿ ಬೋರ್ಡಿನ ಹಿಂದಕ್ಕೂ ಹೋಗಿ ನೋಡಿ ಬಂದಳು.

ನಟರಾಜ ಜನದ ಸಂದಿಯಿಂದ ಬಂದು ಕಿವಿಯ ಹತ್ತಿರ ನಿಂತ. "ಬೋರ್ಡು ಓದ್ ತಿಂಗ್ಳೇ ಪ್ರಿಂಟಾಗಿತ್ತು ಭಾವ. ನಾನೇ ತಂದಿದ್ದು."

ಹೋದ ತಿಂಗಳು ಅಂದರೆ ಬಸವಪ್ರಸಾದ ಟೀ ಕುಡಿದ ಮರುವಾರ. ಹಂಡೆಗೂ ಮುಂಚೆ, ನೆಂಟರ ಮಾತಿಗೂ ಮುಂಚೆ. ಚನ್ನಯ್ಯ ಎರಡನೇ ಸಲ ಉಜ್ಜಿದ್ದೂ ಇಲ್ಲದ ಬೋರ್ಡಿಗೆ, ಮೊದಲನೇ ಸಲ ಹನ್ನೊಂದು ದಿನ ಹಾಕಿದ್ದೂ ಇಲ್ಲದ ಬೋರ್ಡಿಗೆ.

ತಲೆಗೆ ಹ್ಯಾಟು ಹಾಕಿಕೊಂಡಿದ್ದ ಕ್ಲಬ್ಬಿನ ಹಿರಿಯರೊಬ್ಬರು ಬಾನೆಟ್ಟಿನೊಳಗೆ ಬಗ್ಗಿ, ಮುಚ್ಚಳದಲ್ಲಿ ತಮ್ಮ ಮೀಸೆ ನೋಡಿಕೊಂಡರು. "ಏನ್ರೀ ಇದು, ಫ್ಯಾಕ್ಟರಿಯಿಂದ ಬಂದಾಗಲೂ ಹೀಗಿರಲಿಲ್ಲ. ಯಾರು ಮಾಡಿದ್ದು?"

ಬಸವಪ್ರಸಾದ ಚನ್ನಯ್ಯನನ್ನು ನೋಡಿದ. ನೋಡಿದ್ದನ್ನು ಚನ್ನಯ್ಯನೂ ನೋಡಿದ.

"ನಮ್ಮ ಟೀಮ್ ಸಾರ್."

ಚನ್ನಯ್ಯ ಜನರನ್ನು ಸರಿಸಿ ಮುಂದೆ ಬಂದ. "ಒಳಗಡೆ ಬಿಚ್ಚಿ ನೋಡಿ ಸಾ. ಒಳಗಡೆ ಕಪ್ಪಗದೆ. ಅದ್ರಲ್ಲೇ ನನ್ನೆಸ್ರೂ ಅದೆ."

ಹ್ಯಾಟಿನವರು ನಕ್ಕರು. "ಆಯಿಲ್ ಕಲೆ ಇರುತ್ತೆ ಬಿಡಿ. ಒಳಗಿಂದು ಯಾರು ನೋಡ್ತಾರೆ?"

"ಆಯಿಲ್ ಅಲ್ಲ ಸಾ, ಗಂಜಲ. ಅಲ್ಯೂಮಿನಿಯಂನ ಎರಡು ದಿನ ಗಂಜಲದಲ್ಲಿ ನೆನೆಸಿದ್ರೆ ಇಂಗಾಯ್ತದೆ. ನಾನು ಕೇರಿಯೋನು, ಮುಟ್ಟಿದ್ದೆ, ಅದ್ಕೆ ತೊಳ್ದವ್ರೆ."

ಸುತ್ತ ಇದ್ದವರ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಹ್ಯಾಟಿನವರು ಗಡಿಯಾರ ನೋಡಿಕೊಂಡು, ಪಕ್ಕದ ಫಿಯಟ್ಟಿನ ಬಣ್ಣ ಚೆನ್ನಾಗಿದೆ ಅಂದು ಆ ಕಡೆ ಹೊರಟರು. ಉಳಿದವರೂ ಅವರ ಹಿಂದೆ ಸರಿದರು. ಬಸವಪ್ರಸಾದ ಕೋಲು ತೆಗೆದು ಬಾನೆಟ್ ಇಳಿಸಿದ. ಅದು ದೊಪ್ಪನೆ ಕೂತಿತು.

"ಇಲ್ಲಿ ಬೇಡಿತ್ತು ಅಣ್ಣ."

"ನಮ್ಮನೇಲಿ ಯೇಳಿ ಅಂದೆ, ನೀವ್ ಬರ್ಲಿಲ್ಲ. ಇನ್ನೆಲ್ ಯೇಳ್ಲಿ?"

ನಟರಾಜ ಸುತ್ತ ನೋಡಿ ಹತ್ತಿರ ಬಂದ. "ಇನ್ನು ನಿಂಗೆ ಕೆಲ್ಸ ಕಳ್ಸಕಾಗಲ್ಲ ಭಾವ," ಎಂದ, ಭಾವ ಅನ್ನುವುದನ್ನು ಮಾತ್ರ ಯಾರಿಗೂ ಕೇಳದ ಹಾಗೆ.

"ಗೊತ್ತು ಕಣ್ಲಾ. ನೀನು ಉಸಾರು."

ಚನ್ನಯ್ಯ ಬಾನೆಟ್ಟಿನ ಮೇಲೆ ಅಂಗೈ ಊರಿದ. ತೊಂಬತ್ತರಲ್ಲಿ ಊರಿದ್ದ ಜಾಗವೇ. ಬಿಸಿಲಿಗೆ ಬೆಚ್ಚಗಿತ್ತು, ಅಷ್ಟೇ, ಸುಡುವಷ್ಟಿರಲಿಲ್ಲ. ಕೈ ತೆಗೆದಾಗ ಬಿಳಿ ಬಣ್ಣದ ಮೇಲೆ ಐದು ಬೆರಳೂ ಎಮರಿಯ ಮಸಿಯಲ್ಲಿ ಮೂಡಿದ್ದವು. ಎಷ್ಟು ತಿಕ್ಕಿದರೂ ಅವನ ಗೆರೆಗಳಿಂದ ಹೋಗದ ಮಸಿ ಅದು. ಬಸವಪ್ರಸಾದನ ಕೈಗೆ ಅದಾಗಲೇ ಒಂದು ಬಟ್ಟೆ ಬಂದಿತ್ತು. ಅದನ್ನು ಹಿಡಿದುಕೊಂಡು, ಚನ್ನಯ್ಯ ಆಚೆ ತಿರುಗಲಿ ಅಂತ ಕಾಯುತ್ತಿದ್ದ.

ಚನ್ನಯ್ಯ ಆ ಬಟ್ಟೆಯನ್ನು ನೋಡಿದ.

"ಒಣ ಬಟ್ಟೇಲಿ ಒರೆಸಿ ಸಾ," ಅಂದ. "ಅಂಡೆ ಸಾವಾಸಕ್ಕೆ ಓಗ್ಬೇಡಿ. ಪೇಂಟ್ ಓಯ್ತದೆ."